ಪ್ಲೈವುಡ್ ಗೋಡೆ, ನೂರು ಹರ್ಟ್ಸ್ ಮತ್ತು ಒಂದು ಸಿಂತ್: ಚಿಕ್ಕಬಳ್ಳಾಪುರದ ಒಂದು ಪ್ರಕರಣ

ಮೊದಲು ಸಮಸ್ಯೆ ಹೇಳಿಬಿಡುತ್ತೇನೆ, ಸಂಗೀತ ಆಮೇಲೆ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಕ್ಲಿನಿಕ್ ಇದೆ. ಹೆಸರು ಬೇಡ. ಅಲ್ಲಿ ಡಾಕ್ಟ್ರ ರೂಮಿಗೂ ಜನ ಕಾಯುವ ಹಾಲಿಗೂ ನಡುವೆ ಇರುವುದು ಪ್ಲೈವುಡ್ ಗೋಡೆ, ಅದೂ ಸೀಲಿಂಗ್‌ವರೆಗೆ ಮುಟ್ಟಿಲ್ಲ. ಒಳಗೆ ಯಾರಿಗೆ ಶುಗರ್ ಎಷ್ಟಿದೆ, ಯಾರ ಸೊಸೆಗೆ ಇನ್ನೂ ಮಗು ಯಾಕಾಗಿಲ್ಲ, ಯಾರು ಕುಡಿಯೋದು ಬಿಟ್ಟಿಲ್ಲ, ಎಲ್ಲಾ ಹೊರಗೆ ಕೂತವರ ಕಿವಿಗೆ ಬೀಳುತ್ತಿತ್ತು. ಹೊರಗೆ ಕೂತವರಲ್ಲಿ ಅರ್ಧ ಜನ ಪರಿಚಯದವರೇ. ಇದನ್ನು ಮುಚ್ಚೋಕೆ ಅಂತ ಡಾಕ್ಟ್ರು ಹಾಲಿನಲ್ಲಿ ಟಿವಿ ಹಾಕಿಸಿದ್ದರು, ಅದರಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನ್ಯೂಸ್, ಬಿಪಿ ತೋರಿಸೋಕೆ ಬಂದವರ ಎದುರಿಗೆ ನಾಲ್ಕು ಜನ ಕೂತು ಕಿರುಚಾಡುವುದು. ಗೋಡೆ ಎತ್ತರಿಸೋಣ ಅಂದರೆ ಕಟ್ಟಡದ ಮಾಲೀಕರು ಒಪ್ಪಲಿಲ್ಲ.

ಈಗ ಕಥೆಯ ಇನ್ನೊಂದು ಕಡೆ. ನನ್ನ ಗೆಳೆಯ ಶಿಡ್ಲಘಟ್ಟ ಕಡೆಯವನು, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಗಣೇಶನ ಹಬ್ಬ, ಮದುವೆ ರಿಸೆಪ್ಷನ್, ರಾಜ್ಯೋತ್ಸವ, ಊರ ಜಾತ್ರೆ. ಸ್ಟೇಜಿಗೆ ರೋಲ್ಯಾಂಡ್ ಎಕ್ಸ್‌ಪಿಎಸ್-10. ಮಿಕ್ಸರ್ ಹಿಂದೆ ನಿಲ್ಲುವವನು ನಾನು. ಆರ್ಕೆಸ್ಟ್ರಾ ಕೀಬೋರ್ಡ್ ಅಂದರೆ ಏನು ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು: ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ವಯಲಿನ್, ಕೊಳಲು, ಶಹನಾಯಿ ಎಲ್ಲಾ ನೀನೇ, ಹಾಡುವವರು ಚರಣ ಮರೆತರೆ ತುಂಬಬೇಕು, ಮೈಕ್ ಕೈಕೊಟ್ಟರೆ ತುಂಬಬೇಕು, ಎಂಎಲ್ಎ ಸ್ಟೇಜ್ ಹತ್ತಿದರೆ ಆಗಲೂ ತುಂಬಬೇಕು. ಖಾಲಿ ಬಿಡೋದು ಅಂದರೆ ತಪ್ಪು. ಹೀಗೆ ವರ್ಷಗಟ್ಟಲೆ ತುಂಬಿ ತುಂಬಿ ಬೇಜಾರಾಗಿ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕೋರ್ಗ್ ಮಿನಿಲಾಗ್ ತಗೊಂಡ, ಸದ್ದನ್ನು ಎಲೆಕ್ಟ್ರಾನಿಕ್ ಆಗಿ ಹುಟ್ಟಿಸಿ ತಿದ್ದುವ ಸಿಂತ್ (ಸಿಂಥಸೈಜರ್) ಅದು. 37 ಸಣ್ಣ ಕೀಗಳು, ಒಳಗೆ ನಿಜವಾದ ಅನಲಾಗ್ ಸರ್ಕ್ಯೂಟ್, ಒಂದೇ ಸಲಕ್ಕೆ ನಾಲ್ಕು ಸ್ವರ ಮಾತ್ರ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕೀ ಒತ್ತಿಕೊಂಡು ಕೂರುತ್ತಿದ್ದ. ಬ್ಯಾಂಡಿನಲ್ಲಿ ಇದನ್ನು ಫಾರಿನ್ ಗೀಳು ಅಂತ ಆಡಿಕೊಂಡರು. ಗೀಳು ಹೌದು, ಫಾರಿನ್ ಅನ್ನೋದು ಪೂರ್ತಿ ಸರಿಯಲ್ಲ. 1969ರಲ್ಲೇ ಅಹಮದಾಬಾದಿನ ಎನ್‌ಐಡಿ ಅನ್ನುವ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಕಂಪನಿಯ ಒಂದು ಸಿಂತ್ ಕೂರಿಸಿ ಸ್ಟುಡಿಯೋ ಮಾಡಿಕೊಟ್ಟಿದ್ದರು, ನಮ್ಮವರೇ ಅದರಲ್ಲಿ ಕೆಲಸ ಮಾಡಿದರು. ಒಂದೇ ಶ್ರುತಿ ಎಳೆದುಕೊಂಡು ಕೂರೋದನ್ನಂತೂ ತಂಬೂರಿ ಇಟ್ಟುಕೊಂಡ ನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಇವನು ತನ್ನ ಅಮ್ಮನನ್ನು ಬಿಪಿಗೆ ಅಂತ ಆ ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಮಾತಿಗೆ ಮಾತು ಬಂದು ಡಾಕ್ಟ್ರು ಕೇಳಿದರು: "ಟಿವಿ ಬದಲು ಏನಾದ್ರೂ ಸಮಾಧಾನದ್ದು ಮಾಡಿಕೊಡ್ತೀಯೇನಪ್ಪಾ?" ಇವನು ಹೂಂ ಅಂದ.

ಮೊದಲ ಟ್ರ್ಯಾಕ್

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮೆತ್ತನೆಯ ಪ್ಯಾಡ್ (ಹಿಂದೆ ಹಾಸಿದ ಹಾಗೆ ಇರುವ ಉದ್ದನೆಯ ಸ್ವರಗಳು), ಮೇಲೆ ಮೋಹನ ರಾಗದಲ್ಲಿ ಕೊಳಲಿನ ಸಣ್ಣ ಸಣ್ಣ ತುಣುಕು, ಹಿಂದೆ ಹರಿಯುವ ನೀರು, ಹಕ್ಕಿ. ಹೆಡ್‌ಫೋನಿನಲ್ಲಿ ಕೇಳಿದರೆ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಕ್ಲಿನಿಕ್‌ನಲ್ಲಿ ಹಾಕಿದ ದಿನವೇ ಬಣ್ಣ ಬಯಲಾಯಿತು. ಒಬ್ಬ ಯಜಮಾನರು ಕೊಳಲಿನ ಜೊತೆ ಗುನುಗೋಕೆ ಶುರು ಮಾಡಿ "ಇದು ಯಾವ ಪಿಚ್ಚರ್‌ದಮ್ಮಾ" ಅಂತ ರಿಸೆಪ್ಷನ್‌ನಲ್ಲಿ ಕೇಳಿದರು. ಮೋಹನದ ಐದು ಸ್ವರ ಬಿದ್ದರೆ ನಮ್ಮ ಜನಕ್ಕೆ ಯಾವುದಾದರೂ ಹಾಡು ನೆನಪಾಗಿಯೇ ಆಗುತ್ತದೆ, ನೆನಪಾದ ಮೇಲೆ ಪಲ್ಲವಿ ಯಾವಾಗ ಬರುತ್ತೆ ಅಂತ ಕಾಯುತ್ತಾರೆ, ಬರದಿದ್ದರೆ ಸಿಟ್ಟು. ಇನ್ನು ನೀರಿನ ಸದ್ದು. ರಿಸೆಪ್ಷನ್‌ನ ಅಕ್ಕ ನೇರವಾಗಿ ಹೇಳಿದರು: "ಅಣ್ಣ, ಅರ್ಧ ಪೇಷಂಟುಗಳು ಶುಗರ್‌ನವರು. ನೀರಿನ ಸದ್ದು ಬಂದಾಗಿಂದ ಟಾಯ್ಲೆಟ್ ಮುಂದೆ ಕ್ಯೂ." ನೀರು ಅವತ್ತೇ ಹೋಯಿತು.

ಆದರೆ ದೊಡ್ಡ ತೊಂದರೆ ಎರಡು ಇದ್ದವು, ಅವು ನಗುವಂಥವಲ್ಲ. ಒಂದು, ಡಾಕ್ಟ್ರ ಮಾತು ಮೊದಲಿನಷ್ಟೇ ಸ್ಪಷ್ಟವಾಗಿ ಹೊರಗೆ ಕೇಳುತ್ತಿತ್ತು. ಮಾತು ಅರ್ಥವಾಗೋದು ಮುಖ್ಯವಾಗಿ ಸ, ತ, ಕ, ಪ ಥರದ ವ್ಯಂಜನಗಳಿಂದ, ಅವುಗಳ ಗುರುತು ಇರುವುದು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ನಡುವೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಜಾಸ್ತಿ ಆದಷ್ಟೂ ಸದ್ದು ಮೇಲಿನದು). ಇವನ ಪ್ಯಾಡ್ ಪೂರ್ತಿ ಇದ್ದದ್ದು ಅದಕ್ಕಿಂತ ಕೆಳಗೆ. ಹಾಗಾಗಿ ಸಂಗೀತ ಒಂದು ಕಡೆ, ಶುಗರ್ ರಿಪೋರ್ಟ್ ಇನ್ನೊಂದು ಕಡೆ, ಎರಡೂ ಒಂದಕ್ಕೊಂದು ಅಡ್ಡ ಬರದೆ ಆರಾಮಾಗಿ ಕೇಳುತ್ತಿದ್ದವು. ಎರಡನೆಯದು, ಕೆಳಗಿನ ಡ್ರೋನ್, ಅಂದರೆ ತಂಬೂರಿಯ ಹಾಗೆ ಎಡೆಬಿಡದೆ ಎಳೆಯುವ ಸ್ವರ, ಯಾಕೋ ಹಾಲಿನಲ್ಲಿ ಕೂತರೆ ಕಸಿವಿಸಿ ಮಾಡುತ್ತಿತ್ತು. "ಫ್ರಿಜ್ ಕೆಟ್ಟಿದೆಯೇನಮ್ಮಾ?" ಅಂತ ಒಬ್ಬರಲ್ಲ, ಬೇರೆ ಬೇರೆಯವರು ಕೇಳಿದರು. ಜೊತೆಗೆ ಇವನು ಅಷ್ಟು ಪ್ರೀತಿಯಿಂದ ಮಾಡಿದ್ದ ಸ್ಟೀರಿಯೋ ಕೋರಸ್ (ಎಡಕ್ಕೂ ಬಲಕ್ಕೂ ಹರಡಿ ಸದ್ದನ್ನು ಅಗಲ ಮಾಡುವ ಎಫೆಕ್ಟ್) ಅಲ್ಲಿ ಮಾಯ: ಕ್ಲಿನಿಕ್‌ನ ಆಂಪ್ಲಿಫೈಯರ್ ಮೋನೋ, ಎರಡನ್ನೂ ಸೇರಿಸಿ ಒಂದೇ ಮಾಡುತ್ತದೆ, ಎಡ ಬಲ ಸೇರಿದಾಗ ಫೇಸ್ ಉಲ್ಟಾ ಇರುವ, ಅಂದರೆ ಒಂದರ ಏರಿಗೆ ಇನ್ನೊಂದರ ಇಳಿ ಬೀಳುವ ಭಾಗ ಒಂದನ್ನೊಂದು ತಿಂದುಹಾಕುತ್ತದೆ.

ಬೇಸರದಲ್ಲಿ ಒಂದು ಅಡ್ಡದಾರಿಯನ್ನೂ ಹಿಡಿದ. ಹಳೆ ಹಾಡೊಂದರ ಪೀಠಿಕೆ ಸಂಗೀತವನ್ನು ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿರುವ, ಸದ್ದನ್ನು ಉದ್ದಕ್ಕೆ ಎಳೆಯುವ ಪಾಲ್‌ಸ್ಟ್ರೆಚ್‌ಗೆ ಹಾಕಿ ಹತ್ತಾರು ಪಟ್ಟು ಎಳೆದ. ಯಾವ ಹಾಡನ್ನು ಹಾಕಿದರೂ ದೇವಲೋಕದ ಥರ ಬರುತ್ತದೆ, ಅದೇ ಅದರ ತೊಂದರೆ. ಎಲ್ಲಾ ಹಾಡೂ ಒಂದೇ ಥರ ಬರುತ್ತದೆ. ಅಲ್ಲದೆ ಎಷ್ಟೇ ಎಳೆದರೂ ಅದು ಇನ್ನೊಬ್ಬರ ರೆಕಾರ್ಡಿಂಗೇ, ದುಡ್ಡು ತಗೊಂಡು ಒಂದು ಕ್ಲಿನಿಕ್‌ಗೆ ಕೊಡೋಕೆ ಬರಲ್ಲ. ಬಿಟ್ಟ.

ಕೀಬೋರ್ಡ್ ಮುಚ್ಚಿಟ್ಟು ಹಾಲನ್ನು ಕೇಳಿದ್ದು

ಇವನು ಮಾಡೋಕೆ ಹೊರಟಿದ್ದ ಥರದ ಸಂಗೀತಕ್ಕೆ ಆಂಬಿಯೆಂಟ್ ಅಂತ ಹೆಸರು. ಆಂಬಿಯೆಂಟ್ ಅಂದರೆ ನಿಧಾನದ ಸಂಗೀತ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಜಾಗದ ಸಂಗೀತ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ಆ ಹೆಸರಿಟ್ಟು ತಂದ ಮೊದಲ ಆಲ್ಬಮ್ ಮಾಡಿದ್ದೇ ವಿಮಾನ ನಿಲ್ದಾಣಕ್ಕೆ ಅಂತ. ಜರ್ಮನಿಯ ಕಲೋನ್ ನಿಲ್ದಾಣದಲ್ಲಿ ಕಾಯುತ್ತಾ ಕೂತಾಗ ಅಲ್ಲಿ ಹಾಕಿದ್ದ ಸಂಗೀತ ತಡೆಯೋಕಾಗದೆ ಹುಟ್ಟಿದ ಯೋಚನೆ ಅದು. ಅನೌನ್ಸ್‌ಮೆಂಟ್ ಬಂದರೆ ಹಾಳಾಗಬಾರದು, ಜನರ ಮಾತಿಗೆ ಅಡ್ಡ ಬರಬಾರದು, ಗಮನ ಕೊಟ್ಟರೆ ಕೇಳುವ ಹಾಗಿರಬೇಕು, ಕೊಡದಿದ್ದರೂ ನಡೆಯಬೇಕು. ಹೇಳೋಕೆ ಸುಲಭ. 1920ರಲ್ಲಿ ಪ್ಯಾರಿಸ್‌ನಲ್ಲಿ ಸಂಗೀತ ರಚನೆಕಾರ ಎರಿಕ್ ಸಾತಿ ಇಂಥದ್ದೇ ಒಂದನ್ನು ನುಡಿಸಿ, ಯಾರೂ ಕೇಳಬೇಡಿ, ಓಡಾಡಿ, ಮಾತಾಡಿ ಅಂತ ಜನರಿಗೆ ಹೇಳಿದರೂ ಅವರು ಬಾಯಿ ಮುಚ್ಚಿ ಕೂತು ಕೇಳಿಬಿಟ್ಟರಂತೆ. ನಮ್ಮ ಯಜಮಾನರು ಕೊಳಲಿಗೆ ಗುನುಗಿದ ಹಾಗೆಯೇ ಅಲ್ವಾ?

ಒಂದು ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ನಾವಿಬ್ಬರೂ ಹಾಲಿನಲ್ಲಿ ಸುಮ್ನೆ ಕೂತೆವು, ಫೋನಿನಲ್ಲಿ ಸ್ಪೆಕ್ಟ್ರಮ್ ಆಪ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವಂಥದ್ದು) ಹಾಕಿಕೊಂಡು. ಲಸಿಕೆ ಇಡುವ ಫ್ರಿಜ್, ಹಳೆ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟುಗಳು, ಫ್ಯಾನ್, ಎಲ್ಲಾ ಚಾಲೂ. ಪರದೆಯ ಮೇಲೆ ಮೂರು ಗೆರೆ ಎದ್ದು ನಿಂತವು: 100, 200, 300 ಹರ್ಟ್ಸ್. ನಮ್ಮ ಕರೆಂಟ್ 50 ಹರ್ಟ್ಸ್, ಚೋಕ್ ಗುಂಯ್‌ಗುಡೋದು ಅದರ ಎರಡರಷ್ಟಕ್ಕೆ, ಮೇಲಿನವು ಅದರ ಗುಣಕಗಳು. ಅಂದರೆ ಆ ಹಾಲಿಗೆ ಆಗಲೇ ಒಂದು ಶ್ರುತಿ ಇತ್ತು. ಇವನು ಹೋಗಿ ಅದರ ಪಕ್ಕದಲ್ಲಿ ಬೇರೆ ಶ್ರುತಿ ಇಟ್ಟಿದ್ದ.

ಲೆಕ್ಕ ನೋಡಿ. ಇವನ ಡ್ರೋನ್ ಇದ್ದದ್ದು ಕೀಬೋರ್ಡಿನ ಪಾಶ್ಚಾತ್ಯ ಲೆಕ್ಕದ ಜಿ ಸ್ವರದಲ್ಲಿ. ಕೀಬೋರ್ಡನ್ನು ಎಂದಿನಂತೆ ಎ ಸ್ವರ ಅಂದರೆ 440 ಹರ್ಟ್ಸ್ ಅಂತ ಶ್ರುತಿ ಮಾಡಿದರೆ ಆ ಜಿ ಬರುವುದು 98 ಹರ್ಟ್ಸ್‌ಗೆ. ಹಾಲಿನದು 100. ಎರಡೂ ಒಟ್ಟಿಗೆ ಇದ್ದರೆ ಸೆಕೆಂಡಿಗೆ ಎರಡು ಸಲ ಏರಿಳಿತ, ವ್ವಂ ವ್ವಂ ವ್ವಂ ಅಂತ. ಒಂದು ಆಕ್ಟೇವ್ (ಸ್ಥಾಯಿ) ಮೇಲೆ 196 ಮತ್ತು 200, ಅಲ್ಲಿ ಸೆಕೆಂಡಿಗೆ ನಾಲ್ಕು. ಜನಕ್ಕೆ ಫ್ರಿಜ್ ಕೆಟ್ಟಂತೆ ಕೇಳಿದ್ದು ಇದೇ. ತಂಬೂರಿ ಶ್ರುತಿ ಸೇರದಿದ್ದರೆ ಹಾಡುವವರ ಮುಖ ಹೇಗಾಗುತ್ತೋ ಹಾಗೆ ಪಾಪ ಪೇಷಂಟುಗಳ ಮುಖ ಆಗಿತ್ತು, ಕಾರಣ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಪರಿಹಾರ ಒಂದೇ ಸೆಟ್ಟಿಂಗ್‌ನಲ್ಲಿತ್ತು. ಇಡೀ ಕೀಬೋರ್ಡಿನ ಶ್ರುತಿಯಾದ ಮಾಸ್ಟರ್ ಟ್ಯೂನಿಂಗನ್ನು 35 ಸೆಂಟ್ ಮೇಲೆತ್ತಿದ (ಒಂದು ಕೀಗೂ ಪಕ್ಕದ ಕೀಗೂ ನಡುವೆ ನೂರು ಸೆಂಟ್), ಎ 440ರ ಬದಲು ಸುಮಾರು 449. ಈಗ ಜಿ ಹೋಗಿ 100ರ ಮೇಲೆ ಕೂತಿತು. ಗ್ರಿಡ್‌ನ ಕರೆಂಟೂ ಅಲ್ಲಾಡದೆ ನಿಲ್ಲುವುದಿಲ್ಲ, ನಮ್ಮಲ್ಲಿ ಅದನ್ನು 49.90ರಿಂದ 50.05 ಹರ್ಟ್ಸ್ ಒಳಗೆ ಇಡಬೇಕು ಅಂತ ನಿಯಮ. ಆ ಚೂರು ವ್ಯತ್ಯಾಸದಿಂದ ಈಗಲೂ ಏರಿಳಿತ ಬರುತ್ತದೆ, ಆದರೆ ಐದು ಸೆಕೆಂಡಿಗೋ ಹತ್ತು ಸೆಕೆಂಡಿಗೋ ಒಂದು ಸಲ, ಉಸಿರಾಟಕ್ಕಿಂತ ನಿಧಾನ. ಅದು ಕಸಿವಿಸಿ ಮಾಡುವುದಿಲ್ಲ, ಬದಲಿಗೆ ಡ್ರೋನ್‌ಗೆ ಜೀವ ಕೊಡುತ್ತದೆ. ಎಲ್‌ಎಫ್‌ಒ (ಸಿಂತ್‌ನಲ್ಲಿ ಸದ್ದನ್ನು ನಿಧಾನಕ್ಕೆ ಏರಿಳಿಸುವ ಭಾಗ) ಹಾಕಿ ಮಾಡಬೇಕಿದ್ದ ಕೆಲಸವನ್ನು ವಿದ್ಯುತ್ ಇಲಾಖೆ ಪುಕ್ಕಟೆ ಮಾಡಿಕೊಡುತ್ತಿದೆ.

ನನಗೆ ಇಡೀ ಪ್ರಕರಣದಲ್ಲಿ ಇಷ್ಟವಾದ ಭಾಗ ಇದೇ.

ಆಮೇಲೆ ಸ್ವರಗಳ ಆಯ್ಕೆ. ಸ, ರಿ, ಪ, ದ ಇಷ್ಟೇ. ಗಾಂಧಾರ ಇಲ್ಲ, ಮಧ್ಯಮ ಇಲ್ಲ. ಗಾಂಧಾರ ಬಿಟ್ಟರೆ ಮೇಜರೋ ಮೈನರೋ ತೀರ್ಮಾನ ಆಗಲ್ಲ, ಖುಷಿಯೂ ಅಲ್ಲ ದುಃಖವೂ ಅಲ್ಲ, ಯಾವ ರಾಗ ಅಂತ ಹಿಡಿಯೋಕೂ ಬರಲ್ಲ. ಒಳಗೆ ಹೋದವರಿಗೆ ಒಳ್ಳೆ ರಿಪೋರ್ಟ್ ಬಂದಿರಬಹುದು, ಕೆಟ್ಟದ್ದು ಬಂದಿರಬಹುದು. ಸಂಗೀತ ಯಾವುದೋ ಒಂದು ಕಡೆ ವಾಲಿಕೊಂಡಿದ್ದರೆ ಇನ್ನೊಬ್ಬರಿಗೆ ಚುಚ್ಚುತ್ತದೆ.

ಇನ್ನು ಇವನ್ನು ನುಡಿಸುವುದು ಹೇಗೆ? ಮಿನಿಲಾಗ್‌ನಲ್ಲಿ ನಾಲ್ಕೇ ವಾಯ್ಸ್, ಅಂದರೆ ಒಟ್ಟಿಗೆ ನಾಲ್ಕೇ ಸ್ವರ, ಸ್ವರ ಕರಗಲು ಹತ್ತು ಹನ್ನೆರಡು ಸೆಕೆಂಡ್ ಬಿಟ್ಟಿದ್ದರೆ ಐದನೇ ಕೀ ಒತ್ತಿದ ಕೂಡಲೇ ಮೊದಲನೇ ಸ್ವರ ಕಚಕ್ ಅಂತ ಕತ್ತರಿಸಿಹೋಗುತ್ತದೆ. ಅದಕ್ಕೇ ಒಂದೊಂದು ಸ್ವರವನ್ನೂ ಬೇರೆಯಾಗಿ, ಮೂರು ಸೆಕೆಂಡ್ ಅಟ್ಯಾಕ್ (ಸ್ವರ ಮೆಲ್ಲಗೆ ಏಳುವ ಹೊತ್ತು) ಕೊಟ್ಟು ರೆಕಾರ್ಡ್ ಮಾಡಿದ. ಸ್ವರ ಯಾವಾಗ ಬಂತು ಅಂತ ಯಾರಿಗೂ ಗೊತ್ತಾಗಬಾರದು. ನಂತರ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ 17 ಸೆಕೆಂಡಿಗೊಮ್ಮೆ, ಪ 19ಕ್ಕೊಮ್ಮೆ, ರಿ 23ಕ್ಕೊಮ್ಮೆ, ದ 29ಕ್ಕೊಮ್ಮೆ ಸುತ್ತುವಂತೆ ಇಟ್ಟ. ಆದಿ ತಾಳದ ಎಂಟನ್ನೂ ಖಂಡಚಾಪುವಿನ ಐದನ್ನೂ ಒಟ್ಟಿಗೆ ಹಾಕಿದರೆ 40ಕ್ಕೆ ಸೇರುತ್ತವೆ ಅಂತ ಮೃದಂಗ ಕಲಿತವರಿಗೆ ಗೊತ್ತು. ಇಲ್ಲಿ ನಾಲ್ಕೂ ಅವಿಭಾಜ್ಯ ಸಂಖ್ಯೆಗಳು, ಗುಣಿಸಿದರೆ 2,15,441 ಸೆಕೆಂಡ್, ಅಂದರೆ ಸುಮಾರು 60 ಗಂಟೆ. ಅಲ್ಲಿವರೆಗೆ ನಾಲ್ಕೂ ಶುರುವಾದ ಹಾಗೆ ಮತ್ತೆ ಒಟ್ಟಿಗೆ ಬರುವುದಿಲ್ಲ. ಈ ಉಪಾಯ ಇವನದಲ್ಲ. ಈನೋ ಟೇಪ್ ತುಂಡುಗಳಲ್ಲಿ ಮಾಡಿದ್ದೇ ಇದು, ಅವರ ಒಂದು ಸ್ವರ 23.5 ಸೆಕೆಂಡಿಗೆ ಸುತ್ತುತ್ತಿತ್ತು, ಮತ್ತೊಂದು 25 ಚಿಲ್ಲರೆ ಸೆಕೆಂಡಿಗೆ. ಮೂರು ಗಂಟೆಯ ಒಂದು ಫೈಲ್ ತೆಗೆದು ಹಳೆ ಫೋನಿಗೆ ಹಾಕಿ ಕೊಟ್ಟರೆ ಬೆಳಗಿನ ಸರದಿಗೂ ಆಯಿತು, ಸಂಜೆಯ ಸರದಿಗೂ ಆಯಿತು.

ಹತ್ತು ವರ್ಷ ಖಾಲಿ ಜಾಗ ಕಂಡರೆ ತುಂಬಿದ ಕೈ, 17 ಸೆಕೆಂಡಿಗೆ ಒಂದು ಸ್ವರ! ಮಧ್ಯೆ ಒಂದು ಸಣ್ಣ ಬೆಲ್ ಹಾಕಲಾ, ಒಂದೇ ಒಂದು ಸಲ ಕೊಳಲು ಬರಲಾ ಅಂತ ದಿನಾ ಕೇಳುತ್ತಿದ್ದ. ಬೇಡ ಅನ್ನೋದು ನನ್ನ ಕೆಲಸ.

ಹುಳದ ಮನೆ

ಡ್ರೋನ್ ಸರಿಹೋಯಿತು, ಆದರೆ ಡಾಕ್ಟ್ರ ಮಾತು ಹೊರಗೆ ಬರೋದು ನಿಂತಿರಲಿಲ್ಲ. ಅದಕ್ಕೆ 2000 ಹರ್ಟ್ಸ್ ಮೇಲೆ ಏನಾದರೂ ಬೇಕು, ಕಿವಿಗೆ ಚುಚ್ಚಬಾರದು, ಸ್ವರ ಇರಬಾರದು. ಫೋನ್ ಆಪಿನ ವೈಟ್ ನಾಯ್ಸ್ (ಎಲ್ಲಾ ಹರ್ಟ್ಸ್ ಸಮನಾಗಿ ಬೆರೆತ ಸುಸ್ ಅನ್ನೋ ಸದ್ದು) ಹಾಕಿ ನೋಡಿದೆವು. ಕೆಲಸ ಮಾಡುತ್ತದೆ, ಆದರೆ ಕುಕ್ಕರ್ ಗ್ಯಾಸ್ಕೆಟ್‌ನಿಂದ ಆವಿ ಸೋರಿದ ಹಾಗೆ ಕೇಳುತ್ತದೆ.

ಇವನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳಕ್ಕೆ ನಾಲ್ಕು ಜ್ವರ, ಅಂದರೆ ತಿನ್ನೋದು ಬಿಟ್ಟು ಪೊರೆ ಕಳಚುವ ಹೊತ್ತು, ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗುವವರೆಗಿನ (ಗೂಡು ಕಟ್ಟೋಕೆ ತಯಾರಾಗುವವರೆಗಿನ) ಏಳೆಂಟು ದಿನ ಅದು ತಿನ್ನುವ ರೀತಿ ನೋಡಬೇಕು. ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಹಿಪ್ಪುನೇರಳೆ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಇಡೀ ಮನೆ ಸರಸರ ಅನ್ನೋಕೆ ಶುರುವಾಗುತ್ತದೆ. ಗೊತ್ತಿಲ್ಲದವರು ಹೊರಗೆ ಮಳೆ ಬಂತು ಅಂದುಕೊಳ್ಳುತ್ತಾರೆ. ಸದ್ದು ಮೇಲಿನ ಕಡೆಯದು, ಎಲ್ಲೂ ಒಂದು ಸ್ವರ ನಿಲ್ಲುವುದಿಲ್ಲ, ಕ್ಷಣ ಕ್ಷಣಕ್ಕೂ ಚೂರು ಬದಲಾಗುತ್ತದೆ. ನಮಗೆ ಬೇಕಿದ್ದದ್ದು ಇದೇ.

ರೆಕಾರ್ಡ್ ಮಾಡೋದು ಅಷ್ಟು ಸುಲಭ ಇರಲಿಲ್ಲ. ಅವನ ಅಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ "ಸೆಂಟ್ ಗಿಂಟ್ ಹಾಕ್ಕೊಂಡಿಲ್ಲ ತಾನೇ?" ಅಂತ ಕೇಳಿದರು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ತೊಳೆಸಿದರು, ಮೈಕಿನ ಸ್ಟ್ಯಾಂಡನ್ನೂ ಒರೆಸಿಸಿದರು. ಸರಿಯೇ, ಹುಳಕ್ಕೆ ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ. ಸದ್ದು ಬಹಳ ಸಣ್ಣದಾದ್ದರಿಂದ ದೂರ ಇಟ್ಟರೆ ರೆಕಾರ್ಡರಿನ ಸ್ವಂತ ಸಿಳ್ಳೇ ಮೇಲಾಗುತ್ತಿತ್ತು, ಕೊನೆಗೆ ಸೊಪ್ಪಿನಿಂದ ಒಂದು ಗೇಣು ಮೇಲೆ ಝೂಮ್ ರೆಕಾರ್ಡರ್ ಹಿಡಿದು, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ತೆಗೆದೆವು. 1000 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್ ಮಾಡಿ ಡ್ರೋನ್ ಮೇಲೆ ಇಟ್ಟರೆ ಎಷ್ಟು ಚೆನ್ನಾಗಿತ್ತು ಅಂತೀರಾ!

ಆದರೆ ನಾವು ಯೋಚಿಸದ ಒಂದು ವಿಷಯ ಇತ್ತು. ಆ ಕ್ಲಿನಿಕ್‌ಗೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳ ಸಾಕುವವರೂ ಬರುತ್ತಾರೆ. ಒಬ್ಬ ಹೆಂಗಸು ಬಂದು ಐದು ನಿಮಿಷ ಕೂತು, ಎದ್ದು, ರಿಸೆಪ್ಷನ್ ಅಕ್ಕನ ಹತ್ತಿರ ಹೇಳಿದ್ದು ಇಷ್ಟು: "ನಂಗೆ ಬೇಗ ನೋಡಿಬಿಡಿ ಅಂತ ಹೇಳಮ್ಮಾ, ಮನೇಲಿ ಹುಳ ಜ್ವರ ಎದ್ದಿದೆ, ಸೊಪ್ಪು ಹಾಕೋರು ಯಾರೂ ಇಲ್ಲ." ಬಂದಾಗ ಆಕೆಗೆ ಆ ಅವಸರ ಇರಲಿಲ್ಲ. ನಮಗೆ ಮಳೆಯಂತೆ ಕೇಳುವ ಸದ್ದು ಆಕೆಗೆ ಕೆಲಸ, ಸಾಲ, ಗೂಡಿನ ರೇಟು. ಆಕೆಯ ಹಿಂದೆ ಇನ್ನೊಬ್ಬರು ತೆಲುಗಿನಲ್ಲಿ ಇದೇ ಮಾತು ಆಡಿದರು. ಅಲ್ಲಿಗೆ ಹಸಿ ರೆಕಾರ್ಡಿಂಗ್ ಕಥೆ ಮುಗಿಯಿತು. ಅದೇ ಸದ್ದನ್ನು ಎಂಟು ಪ್ರತಿ ಮಾಡಿ ಹಿಂದೆ ಮುಂದೆ ಜರುಗಿಸಿ ಒಂದರ ಮೇಲೊಂದು ಹಾಕಿದ. ಒಂದೊಂದು ಹುಳದ ಕಟಕಟ ಬೇರೆಯಾಗಿ ಕೇಳುವುದಿಲ್ಲ, ಒಟ್ಟು ಸೇರಿ ತೆಳ್ಳನೆಯ ಸರಸರ ಮಾತ್ರ ಉಳಿಯುತ್ತದೆ. ಹುಳದವರೂ ಗುರುತು ಹಿಡಿಯುವುದಿಲ್ಲ. ನನಗೆ ಕೇಳಿದರೆ ಹಸಿ ರೆಕಾರ್ಡಿಂಗೇ ಚೆಂದ, ಅದರಲ್ಲಿ ಅನುಮಾನವೇ ಇಲ್ಲ, ಆದರೆ ಕೂತು ಕಾಯಬೇಕಾದವನು ನಾನಲ್ಲ.

ಕೂರಿಸಿದ್ದು

ಸ್ಪೀಕರ್ ಡಾಕ್ಟ್ರ ರೂಮಿನಲ್ಲಿ ಇಡೋಣ ಅಂತ ಎಲೆಕ್ಟ್ರಿಷಿಯನ್ ಹಠ. ಸದ್ದು ಎಲ್ಲಿಂದ ಬರುತ್ತೋ ಅಲ್ಲಿ ಮುಚ್ಚಬೇಕು ಅಂತ ಅವನ ವಾದ. ಹಾಗಲ್ಲ, ಕೇಳುವ ಕಿವಿ ಎಲ್ಲಿದೆಯೋ ಅಲ್ಲಿ ಇರಬೇಕು. ರೂಮಿನಲ್ಲಿಟ್ಟರೆ ಡಾಕ್ಟ್ರೂ ಪೇಷಂಟೂ ಅದರ ಮೇಲೆ ಇನ್ನಷ್ಟು ಜೋರಾಗಿ ಮಾತಾಡುತ್ತಾರೆ. ಹಾಲಿನ ಸೀಲಿಂಗ್‌ನಲ್ಲಿ ಒಂದು ಜೋರು ಸ್ಪೀಕರ್ ಬದಲು ನಾಲ್ಕು ಸಣ್ಣವು, ಎಲ್ಲವೂ ಮೆಲ್ಲಗೆ. ಕಚೇರಿಗಳಲ್ಲಿ ಮಾತು ಮುಚ್ಚೋಕೆ ಹಾಕುವ ಸದ್ದು ಸಾಮಾನ್ಯವಾಗಿ 45 ಡೆಸಿಬಲ್ ಆಸುಪಾಸು ಇರುತ್ತದೆ, ಮಾಮೂಲಿ ಮಾತುಕತೆ ಒಂದು ಮೀಟರ್ ದೂರಕ್ಕೆ 60. ನಾವೂ 45ರ ಹತ್ತಿರಕ್ಕೇ ನಿಲ್ಲಿಸಿದೆವು. ಆಂಪ್ಲಿಫೈಯರಿನ ನಾಬ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿಟ್ಟಿದ್ದೇವೆ, ಯಾರೂ ತಿರುಗಿಸಬಾರದು ಅಂತ.

ಪರೀಕ್ಷೆ ಬಹಳ ಸಾದಾ. ರಿಸೆಪ್ಷನ್ ಅಕ್ಕ ಡಾಕ್ಟ್ರ ಕುರ್ಚಿಯಲ್ಲಿ ಕೂತು ಮಾಮೂಲಿ ದನಿಯಲ್ಲಿ ಪೇಪರ್ ಓದಿದರು, ನಾನು ಹಾಲಿನಲ್ಲಿ ಕೂತೆ. ಫೈಲ್ ನಿಲ್ಲಿಸಿದಾಗ ಟೊಮೆಟೊ ರೇಟು ಎಷ್ಟು ಅಂತ ಸಲೀಸಾಗಿ ಕೇಳಿತು. ಹಾಕಿದಾಗ ಒಳಗೆ ಯಾರೋ ಮಾತಾಡುತ್ತಿದ್ದಾರೆ ಅನ್ನೋದು ಗೊತ್ತು, ಏನು ಅನ್ನೋದು ಗೊತ್ತಿಲ್ಲ. ಗೋಡೆಗೆ ಆತುಕೊಂಡಿರುವ ಕುರ್ಚಿಯಲ್ಲಿ ಮಾತ್ರ ಈಗಲೂ ಅಲ್ಲೊಂದು ಇಲ್ಲೊಂದು ಪದ ಕೇಳುತ್ತದೆ. ಆ ಕುರ್ಚಿ ತೆಗೆಸಿ ಅಲ್ಲಿ ನೀರಿನ ಕ್ಯಾನ್ ಇಡಿಸಿದೆವು.

ಟಿವಿ ಆಫ್ ಆಗಿದೆ, ಅದಕ್ಕೆ ಬೇಜಾರಾದವರೂ ಇದ್ದಾರೆ, ಮುಖ್ಯವಾಗಿ ಕ್ರಿಕೆಟ್ ಇದ್ದ ದಿನ. ಸಂಗೀತ ಚೆನ್ನಾಗಿದೆ ಅಂತ ಇಲ್ಲಿವರೆಗೆ ಒಬ್ಬ ಪೇಷಂಟೂ ಹೇಳಿಲ್ಲ. ಚೆನ್ನಾಗಿಲ್ಲ ಅಂತಲೂ ಹೇಳಿಲ್ಲ, ಫ್ರಿಜ್ ಬಗ್ಗೆ ಯಾರೂ ಕೇಳಿಲ್ಲ. ಸ್ಟೇಜಿನ ಮೇಲೆ ಚಪ್ಪಾಳೆ ನೋಡಿದವನಿಗೆ ಇದು ಸ್ವಲ್ಪ ಕಷ್ಟ, ಇವನು ಬಾಯಿಬಿಟ್ಟು ಹೇಳಲ್ಲ. ದುಡ್ಡು ಒಂದೇ ಸಲ ಕೊಟ್ಟಿದ್ದಾರೆ, ಹಕ್ಕು ಇವನದೇ ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡಿದ್ದಾನೆ. ಇಂಥ ಕೆಲಸ ಹಿಡಿಯುವವರು ದಯವಿಟ್ಟು ಅದನ್ನು ಮಾಡಿಕೊಳ್ಳಿ.

ಬಗೆಹರಿಯದೆ ಉಳಿದಿರುವುದು ಕರೆಂಟ್. ಕರೆಂಟ್ ಹೋದಾಗ ಫ್ರಿಜ್ ನಿಲ್ಲುತ್ತದೆ, ಚೋಕ್‌ನ ಟ್ಯೂಬ್‌ಗಳು ಆರುತ್ತವೆ, ಇನ್ವರ್ಟರ್‌ನಲ್ಲಿ ಒಂದು ಫ್ಯಾನ್, ಎರಡು ಎಲ್‌ಇಡಿ ಬಲ್ಬ್, ನಮ್ಮ ಆಂಪ್ಲಿಫೈಯರ್ ಮಾತ್ರ ಓಡುತ್ತಿದ್ದವು. ಹಾಲಿನ ಶ್ರುತಿ ಹೋಗಿ ಇವನ ಜಿ ಒಂದೇ ಉಳಿದಾಗ ಅದು ಇದ್ದಕ್ಕಿದ್ದಂತೆ ಎದ್ದು ಕೇಳುತ್ತಿತ್ತು, ಜನ ತಲೆಯೆತ್ತಿ ಸೀಲಿಂಗ್ ನೋಡುತ್ತಿದ್ದರು. ಸದ್ಯಕ್ಕೆ ಆಂಪ್ಲಿಫೈಯರನ್ನೂ ಇನ್ವರ್ಟರ್ ಲೈನಿಂದ ತೆಗೆದುಹಾಕಿದ್ದೇವೆ. ಬರೀ ಸರಸರ ಇರುವ, ಡ್ರೋನ್ ಇಲ್ಲದ ಬೇರೆ ಫೈಲೊಂದನ್ನು ಇನ್ವರ್ಟರ್‌ಗೆ ಅಂತ ಮಾಡಿಕೊಡುತ್ತೇನೆ ಅಂದಿದ್ದಾನೆ, ಬೇಸಿಗೆ ಲೋಡ್ ಶೆಡ್ಡಿಂಗ್ ಶುರುವಾಗುವ ಮೊದಲೇ ಬೇಕು ಅಂತ ಡಾಕ್ಟ್ರು. ಅಲ್ಲಿವರೆಗೆ ಕರೆಂಟ್ ಹೋದರೆ ಅವರು ಮೆಲ್ಲಗೆ ಮಾತಾಡುತ್ತಾರೆ.